ಕಲ್ಲು ನಿಂತ ಜಾಗವೇ ಅರ್ಧ ಶಾಸನ

(ಊರ ಹೊರಗಿನ ವೀರಗಲ್ಲು, ಮಾಸ್ತಿಗಲ್ಲು, ಸಮಾಧಿಗಳನ್ನು ಓದುವ ಮತ್ತು ದಾಖಲಿಸುವ ಬಗೆ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಯಾವುದಾದರೂ ಹಳ್ಳಿಗೆ ಹೋಗಿ “ನಿಮ್ಮೂರಲ್ಲಿ ಶಾಸನ ಇದೆಯಾ?” ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಕಡೆ “ಇಲ್ಲ” ಎಂಬ ಉತ್ತರವೇ ಸಿಗುತ್ತದೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರು ಅದನ್ನು ಶಾಸನ ಎಂದು ಕರೆಯುವುದಿಲ್ಲ ಅಷ್ಟೆ. ಅದಕ್ಕೇ ಪ್ರಶ್ನೆ ಬದಲಿಸಬೇಕು. ಕತ್ತಿ ಹಿಡಿದವನ ಕಲ್ಲು ಎಲ್ಲಿದೆ? ಮಾಸ್ತಮ್ಮನ ಕಟ್ಟೆ ಯಾವ ದಿಕ್ಕಿಗೆ? ಮಳೆ ಹೋದ ವರ್ಷ ಯಾವ ಕಲ್ಲಿಗೆ ನೀರು ಹೊಯ್ಯುತ್ತೀರಿ? ಹಾಳೂರು ಅಂತ ಯಾವ ಹೊಲವನ್ನು ಕರೆಯುತ್ತೀರಿ? ಹೀಗೆ ಕೇಳಿದರೆ ದನ ಕಾಯುವ ಹುಡುಗನೂ ಕೈ ಹಿಡಿದು ಕರೆದೊಯ್ಯುತ್ತಾನೆ. ಕೆರೆ ಏರಿಯ ಕೆಳಗೆ, ಹೊಂಗೆ ಮರದ ಬುಡದಲ್ಲಿ, ಲಂಟಾನ ಮೆಳೆಯೊಳಗೆ ಸೊಂಟದುದ್ದದ ಕಲ್ಲುಗಳು ಸಾಲಾಗಿ ನಿಂತಿರುತ್ತವೆ.

ನಮ್ಮ ಹಳ್ಳಿಗಾಡಿನ ಸತ್ತವರ ಇತಿಹಾಸ ಇರುವುದು ಅಲ್ಲಿ. ಅರಸರ ವಂಶಾವಳಿಗೆ ತಾಮ್ರಪಟಗಳಿವೆ, ದೇವಾಲಯಗಳಿಗೆ ದಾನಶಾಸನಗಳಿವೆ. ಊರಿನ ದನ ಬಿಡಿಸಲು ಹೋಗಿ ಸತ್ತ ಒಬ್ಬ ಗಾವುಂಡನ ಮಗನ ಹೆಸರು ಉಳಿದಿರುವುದು ಈ ಒಂದು ಕಲ್ಲಿನಲ್ಲಿ ಮಾತ್ರ, ಅದಕ್ಕೆ ಎರಡನೆಯ ಪ್ರತಿಯಿಲ್ಲ. ಈ ಉಪನ್ಯಾಸದಲ್ಲಿ ಮತ್ತೆ ಮತ್ತೆ ಹೇಳಹೊರಟಿರುವುದು ಒಂದೇ ಮಾತು: ಆ ಕಲ್ಲಿನಲ್ಲಿ ಬರೆದದ್ದು ಎಷ್ಟು ಮುಖ್ಯವೋ ಕಲ್ಲು ನಿಂತ ಜಾಗವೂ ಅಷ್ಟೇ ಮುಖ್ಯ. ಜಾಗ ಕೆಟ್ಟರೆ ಶಾಸನದ ಅರ್ಧ ಅಳಿಸಿದಂತೆ.

ಮೊದಲಿಗೆ ಒಂದು ತಪ್ಪು ಕಲ್ಪನೆ ಬಿಡಿಸೋಣ. ವೀರಗಲ್ಲು ಗೋರಿಯಲ್ಲ. ಅದು ನೆನಪಿನ ಕಲ್ಲು. ಅದರ ಅಡಿಯಲ್ಲಿ ಹೆಣ ಇರಲೇಬೇಕೆಂದಿಲ್ಲ, ನಿಧಿಯಂತೂ ಇರುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಿಧಿಯ ಆಸೆಗೆ ರಾತ್ರಿ ಹೊತ್ತು ಬುಡ ಅಗೆದು ಉರುಳಿಸಿದ ಕಲ್ಲುಗಳು ಊರೂರಿಗೂ ಕಾಣಸಿಗುತ್ತವೆ. ಅಗೆದವರಿಗೆ ಸಿಕ್ಕಿದ್ದು ಮಣ್ಣು. ಹೋದದ್ದು ಆ ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತು, ಯಾವ ಕಲ್ಲಿನ ಪಕ್ಕದಲ್ಲಿತ್ತು ಎಂಬ ಮಾಹಿತಿ.

ಮನುಷ್ಯರನ್ನು ನಿಜವಾಗಿ ಹೂತಿಟ್ಟ ಜಾಗಗಳು ಬೇರೆ. ಅವುಗಳಲ್ಲಿ ಅತ್ಯಂತ ಹಳೆಯವು ಬೃಹತ್ ಶಿಲಾಯುಗದವು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಕಲ್ಲಿನ ಕಟ್ಟಡಗಳಿವೆ. ಕ್ರಿಸ್ತಪೂರ್ವದ, ಕಬ್ಬಿಣದ ಬಳಕೆ ಹಬ್ಬುತ್ತಿದ್ದ ಕಾಲದವು. ಊರವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಕುಳ್ಳ ಜನರಾದ ಮೋರ್ಯರು ಈ ಮನೆಗಳಲ್ಲಿ ವಾಸವಿದ್ದರು ಎಂಬುದು ಕಥೆ. ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಒತ್ತುಕೊಟ್ಟು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದ ರಚನೆ ಅದು. ಕಿಂಡಿಯಲ್ಲಿ ನುಸುಳಬೇಕಾದರೆ ಕುಳ್ಳರೇ ಆಗಿರಬೇಕು ಎಂಬ ತರ್ಕದಿಂದ ಈ ಕಥೆ ಹುಟ್ಟಿದ್ದು ಸಹಜ. ಅಲ್ಲೇ ಒಂದು ದೊಡ್ಡ ಬಂಡೆಯ ತುದಿಯಲ್ಲಿ ಅರ್ಧಗೋಳದಂತಹ ಕಲ್ಲಿನ ನಗಾರಿ ಇದೆ, ಬಡಿದರೆ ಈಗಲೂ ಸದ್ದು ಕೊಡುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಇಂತಹ ಸಮಾಧಿಗಳನ್ನು ಕ್ರಮಬದ್ಧವಾಗಿ ಅಗೆಸಿದಾಗ ಸಿಕ್ಕಿದ್ದು ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು ಮತ್ತು ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು. ಎಂದರೆ ಹೆಣವನ್ನು ಬೇರೆಡೆ ಇಟ್ಟು, ಮಾಂಸ ಹೋದ ಮೇಲೆ ಮೂಳೆ ಆಯ್ದು ತಂದು ಇಡುತ್ತಿದ್ದರು. ಕಿಂಡಿ ಬೇಕಾದದ್ದು ಅದಕ್ಕೆ. ನಿಮ್ಮೂರಿನಲ್ಲಿ ‘ಪಾಂಡವರ ಮನೆ’, ‘ಮೋರೇರ ಮನೆ’, ‘ರಕ್ಕಸರ ಮಟ್ಟಿ’ ಎಂಬ ಹೆಸರು ಕಿವಿಗೆ ಬಿದ್ದರೆ, ಅಥವಾ ಹೊಲದಲ್ಲಿ ದೊಡ್ಡ ಗುಂಡುಗಳು ವೃತ್ತಾಕಾರವಾಗಿ ಕೂತಿದ್ದರೆ, ಅದನ್ನು ಸುಮ್ಮನೆ ಬಿಡಬೇಡಿ.

ಇತ್ತೀಚಿನ ಶತಮಾನಗಳ ಗದ್ದುಗೆಗಳಲ್ಲೂ ದೇಹ ಇರುತ್ತದೆ. ಲಿಂಗಾಯತ ಸಂಪ್ರದಾಯದಲ್ಲಿ ದೇಹವನ್ನು ಮಲಗಿಸದೆ ಕೂರಿಸಿ ಮಣ್ಣು ಮಾಡುವುದರಿಂದ ಗದ್ದುಗೆಯ ಮೇಲಿನ ಕಟ್ಟೆ ಉದ್ದಕ್ಕಿಂತ ಚೌಕಾಕಾರಕ್ಕೆ ಹತ್ತಿರ. ಉತ್ತರ ದಕ್ಷಿಣವಾಗಿ ಉದ್ದಕ್ಕೆ ಮಲಗಿದ ಗೋರಿ ಕಂಡರೆ ಅದು ಮುಸ್ಲಿಮರದ್ದಾಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ನಮ್ಮ ಸೀಮೆಯಲ್ಲಿ ಮುಖವನ್ನು ಪಶ್ಚಿಮಕ್ಕೆ ತಿರುಗಿಸಬೇಕಾದರೆ ದೇಹ ಹಾಗೆಯೇ ಮಲಗಬೇಕು. ಆಕಾರ ಮತ್ತು ದಿಕ್ಕು ಎರಡನ್ನು ನೋಡಿದರೆ, ಒಂದಕ್ಷರವಿಲ್ಲದ ಕಡೆಯೂ ಇಷ್ಟು ತಿಳಿಯುತ್ತದೆ.

ಈಗ ವೀರಗಲ್ಲಿಗೆ ಬರೋಣ. ಹೆಚ್ಚಿನ ವೇಳೆ ಇದಕ್ಕೇ ಮೀಸಲು.

ಹನ್ನೊಂದು, ಹನ್ನೆರಡನೆಯ ಶತಮಾನದ ಸಾಮಾನ್ಯ ವೀರಗಲ್ಲಿನಲ್ಲಿ ಮೂರು ಅಂಕಣಗಳು. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನದು ಕಾಳಗ. ನಡುವಿನದರಲ್ಲಿ ಇಬ್ಬರು ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ, ಕೆಲವೊಮ್ಮೆ ವಿಮಾನದಲ್ಲಿ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೂತಿದ್ದಾನೆ. ಪಕ್ಕದಲ್ಲಿ ಪೂಜಾರಿ, ನಂದಿ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ. ತುದಿಯಲ್ಲಿ ಸೂರ್ಯ ಚಂದ್ರ: ಅವೆರಡು ಇರುವವರೆಗೂ ಈ ಹೆಸರು ಇರಲಿ ಎಂದು. ಅಕ್ಷರಗಳು ಅಂಕಣಗಳ ನಡುವಿನ ಪಟ್ಟಿಗಳಲ್ಲಿ ಇರುತ್ತವೆ. ಹೊಸಬರು ಶಿಲ್ಪ ನೋಡಿ ಪಟ್ಟಿ ಬಿಟ್ಟುಬಿಡುತ್ತಾರೆ. ಗಂಗರ ಕಾಲದ ಕಲ್ಲುಗಳಲ್ಲಿ ಈ ಮೂರಂತಸ್ತು ಇರುವುದು ಕಡಿಮೆ, ಒಂದೇ ದೊಡ್ಡ ದೃಶ್ಯ, ಅದರ ಸುತ್ತ ಅಥವಾ ಮೇಲೆ ಅಕ್ಷರ. ವಿಜಯನಗರದ ನಂತರದ ಅನೇಕ ಕಲ್ಲುಗಳಲ್ಲಿ ಬರಹವೇ ಇಲ್ಲ.

ಕೆಳಗಿನ ಅಂಕಣವನ್ನು ನಿಧಾನವಾಗಿ ನೋಡಿ. ಅವನು ಏಕೆ ಸತ್ತ ಎಂಬುದು ಅಲ್ಲೇ ಇದೆ. ವೀರನ ಹಿಂದೆ ಅಥವಾ ಮೇಲಿನ ಮೂಲೆಯಲ್ಲಿ ಒಂದರ ಹಿಂದೊಂದು ದನಗಳ ತಲೆ ಕಂಡರೆ ಅದು ತುರುಗೊಳ್. ತುರು ಎಂದರೆ ದನ. ಅಂದು ಹಳ್ಳಿಯ ಸಂಪತ್ತೆಂದರೆ ದನವೇ. ಹೊಲವನ್ನು ಹೊತ್ತೊಯ್ಯಲಾಗದು, ದನವನ್ನು ಒಂದೇ ರಾತ್ರಿಯಲ್ಲಿ ಗಡಿ ದಾಟಿಸಬಹುದು. ಯುದ್ಧ ಕೆಣಕುವವರು ಮೊದಲು ಮಾಡುತ್ತಿದ್ದದ್ದೂ ಅದನ್ನೇ. ಬರಹದಲ್ಲಿ “ತುಱುವಂ ಮಗುೞ್ಚಿ” ಎಂದಿದ್ದರೆ ಅವನು ದನಗಳನ್ನು ಹಿಂದಿರುಗಿಸಿದ್ದಾನೆ, ಊರು ಅವನಿಗೆ ಋಣಿ. ಹೆಂಗಸರ ಆಕೃತಿ ಕೈಯೆತ್ತಿ ನಿಂತಿದ್ದರೆ ಪೆಣ್ಬುಯ್ಯಲ್, ಹೆಣ್ಣುಮಕ್ಕಳ ಮೊರೆ ಕೇಳಿ ಕಾದಿ ಸತ್ತದ್ದು. “ಊರೞಿವು” ಎಂದಿದ್ದರೆ ಊರನ್ನೇ ಸುಟ್ಟೋ ಕೊಳ್ಳೆ ಹೊಡೆದೋ ಹಾಳುಮಾಡಿದ ದಾಳಿ. ಹಂದಿಯೋ ಹುಲಿಯೋ ಎದುರಿಗಿದ್ದರೆ ಬೇಟೆಯ ಕಲ್ಲು.

ತಲೆಯ ಜುಟ್ಟನ್ನು ಬಗ್ಗಿಸಿದ ಬಿದಿರಿಗೆ ಕಟ್ಟಿ, ಕೆಳಗೆ ಒಬ್ಬ ಕೂತಿದ್ದರೆ ಅದು ಸಿಡಿತಲೆ: ಕುತ್ತಿಗೆ ಕತ್ತರಿಸಿದೊಡನೆ ತಲೆ ಮೇಲಕ್ಕೆ ಚಿಮ್ಮುತ್ತದೆ. ಇದು ಹರಕೆಯ ಸಾವು. ಒಡೆಯ ಸತ್ತಾಗ ಅವನೊಡನೆ ಸಾಯುವೆನೆಂದು ಮೊದಲೇ ಮಾತು ಕೊಟ್ಟವನು ವೇಳೆವಾಳಿ. ಒಡೆಯನ ಸಮಾಧಿಯ ಕೆಳಗಿನ ಗುಂಡಿಗೆ ತಾನೂ ಇಳಿದವನ ಸಾವು ಕೀಳ್ಗುಂಟೆ. ಅರಸನೊಡನೆ ಸಾಯಲು ಪಣ ತೊಟ್ಟ ಅಂಗರಕ್ಷಕರಾದ ಹೊಯ್ಸಳರ ಗರುಡರದ್ದೂ ಇದೇ ಬಗೆ. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಸ್ತಂಭ ಹಳೇಬೀಡಿನ ಹೊಯ್ಸಳೇಶ್ವರದ ಆವರಣದಲ್ಲಿದೆ. ಅದರ ಮೇಲೆ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವವರ ಸಣ್ಣ ಸಣ್ಣ ಉಬ್ಬುಶಿಲ್ಪಗಳಿವೆ. ಪ್ರವಾಸಿಗರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ, ನಿಂತು ನೋಡುವವರು ವಿರಳ.

ಒಂದು ಕಲ್ಲನ್ನು ಹತ್ತಿರದಿಂದ ನೋಡೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೇಲ್ಭಾಗದಲ್ಲಿ ಹಂದಿ ಮತ್ತು ನಾಯಿ ಮುಖಾಮುಖಿಯಾಗಿವೆ. ಕಥೆ ತಕ್ಕೋಲದ ಕಾಳಗದಿಂದ ಶುರುವಾಗುತ್ತದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಅಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೂತುಗ “ಮೆಚ್ಚಿದೆ, ಬೇಕಾದ್ದು ಕೇಳು” ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಬೆಳತೂರಿನ ಬೆಟ್ಟದ ಬಳಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನೆಟ್ಟು, ಅದಕ್ಕೆ ಎರಡು ಖಂಡುಗ ಗದ್ದೆ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಅಲ್ಲಿನ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲೇ ಇದೆ. ರಾಷ್ಟ್ರಕೂಟ-ಚೋಳ ಯುದ್ಧದ ದೊಡ್ಡ ಆಧಾರವೊಂದು ಇತಿಹಾಸಕಾರರಿಗೆ ಸಿಕ್ಕಿದ್ದು ಒಂದು ನಾಯಿಯ ನೆನಪಿನ ಕಲ್ಲಿನಲ್ಲಿ. ಹಳ್ಳಿಯ ಕಲ್ಲನ್ನು ಸಣ್ಣದೆಂದು ಬಿಡಬಾರದು ಎನ್ನಲು ಇದಕ್ಕಿಂತ ಬೇರೆ ನಿದರ್ಶನ ಬೇಡ.

ಎರಡು ಖಂಡುಗ ಎಂದರೇನು ಎಂಬ ಪ್ರಶ್ನೆ ಬರುತ್ತದೆ. ಭೂಮಿಯನ್ನು ಅಲ್ಲಿ ಬಿತ್ತನೆಯ ಬೀಜದಿಂದ ಅಳೆಯುತ್ತಿದ್ದರು. 20 ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ಬೀಜ ಹಿಡಿಯುವಷ್ಟು ನೆಲ ಒಂದು ಖಂಡುಗದ ನೆಲ. ಕೊಳಗದ ಅಳತೆ ಸೀಮೆಯಿಂದ ಸೀಮೆಗೆ ಬದಲಾಗುತ್ತಿದ್ದುದರಿಂದ ಇದನ್ನು ಎಕರೆಗೆ ತಿರುಗಿಸಿ ಬರೆಯಬೇಡಿ, ಶಾಸನದಲ್ಲಿದ್ದಂತೆಯೇ ಬಿಡಿ.

ಕಲ್ಲಿನ ಜೊತೆಗೆ ಕೊಟ್ಟ ಭೂಮಿಗೆ ಹೆಸರುಗಳಿವೆ: ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು. ಕಲ್ನಾಡು ಎಂದರೆ ವೀರನ ಕಲ್ಲಿನ ಹೆಸರಲ್ಲಿ ಬಿಟ್ಟದ್ದು, ನೆತ್ತರುಗೊಡಗೆ ಎಂದರೆ ರಕ್ತ ಸುರಿಸಿದ್ದಕ್ಕೆ ಮನೆಯವರಿಗೆ ಕೊಟ್ಟದ್ದು, ಬಾಳ್ಗಚ್ಚು ಎಂದರೆ ಕತ್ತಿ ತೊಳೆದು ಕೊಟ್ಟ ಉಂಬಳಿ. ಹಳೆಯ ಪಹಣಿ, ಗ್ರಾಮನಕ್ಷೆಗಳಲ್ಲಿ ‘ಕೊಡಗಿ’, ‘ವೀರಗಲ್ಲು ಹೊಲ’, ‘ಮಾಸ್ತಿಕಟ್ಟೆ’ ಎಂಬ ತಾಕಿನ ಹೆಸರು ಹುಡುಕಿ. ಕಲ್ಲು ಒಂದು ಕಡೆ, ಅದೇ ಹೆಸರಿನ ಹೊಲ ಮತ್ತೊಂದು ಕಡೆ ಇದ್ದರೆ ಕಲ್ಲು ಜಾಗ ಬದಲಿಸಿದೆ ಎಂದು ಅನುಮಾನಿಸಬೇಕು.

ಕಾಲ ನಿರ್ಣಯದ ಲೆಕ್ಕ ಸುಲಭ, ಆದರೆ ಎಡವುವ ಜಾಗಗಳಿವೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ಶಕವರ್ಷ ಚೈತ್ರದಲ್ಲಿ ಆರಂಭವಾಗುವುದರಿಂದ ಮಾಘ, ಫಾಲ್ಗುಣದ ತಿಥಿಗಳು ಮುಂದಿನ ಇಸವಿಗೆ ಬೀಳುತ್ತವೆ, ಅಲ್ಲಿ 79 ಕೂಡಿಸಬೇಕು. ಪುಷ್ಯ ಮಾಸವಾದರೆ ಡಿಸೆಂಬರೋ ಜನವರಿಯೋ ಎಂದು ತಿಥಿ ನೋಡಿಯೇ ತೀರ್ಮಾನಿಸಬೇಕು. ಇನ್ನು ಸಂವತ್ಸರ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಸಂಖ್ಯೆಯೇ ಪ್ರಭವದಿಂದ ಎಣಿಸಿದ ಸಂವತ್ಸರ. ಏನೂ ಉಳಿಯದಿದ್ದರೆ ಅರವತ್ತನೆಯದಾದ ಅಕ್ಷಯ. ಶಕ 979ಕ್ಕೆ 12 ಕೂಡಿಸಿದರೆ 991. ಭಾಗಿಸಿದರೆ ಉಳಿಯುವುದು 31, ಹೇವಿಳಂಬಿ. ಇದನ್ನೇ ಆತಕೂರಿಗೆ ಹಚ್ಚಿ. ಅಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. 884ನ್ನು ಭಾಗಿಸಿದರೆ ಉಳಿಯುವುದು 44, ಸಾಧಾರಣ. ಸೌಮ್ಯ 43ನೆಯದು. ಹಾಗಾದರೆ ಶಾಸನ ತಪ್ಪೇ? ಅಲ್ಲ. ಕಂಡರಿಸಿದವನು ಕಳೆದ ವರ್ಷಗಳನ್ನಲ್ಲ, ನಡೆಯುತ್ತಿದ್ದ ವರ್ಷವನ್ನು ಎಣಿಸಿದ್ದಾನೆ. 871 ವರ್ಷ ಕಳೆದು 872ನೆಯದು ನಡೆಯುತ್ತಿದೆ. ಆದ್ದರಿಂದ ಇಸವಿ 949-50. ಸಂವತ್ಸರ ಮತ್ತು ಶಕದ ನಡುವೆ ಒಂದು ವರ್ಷದ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಸಂವತ್ಸರವನ್ನೇ ನಂಬಬೇಕು. ಮೂರು ನಾಲ್ಕು ವರ್ಷ ವ್ಯತ್ಯಾಸ ಬಂದರೆ ನೀವು ಅಂಕಿಯನ್ನು ತಪ್ಪಾಗಿ ಓದಿರುವ ಸಾಧ್ಯತೆಯೇ ಹೆಚ್ಚು. ಹತ್ತನೆಯ ಶತಮಾನಕ್ಕಿಂತ ಹಿಂದಿನ ಕಲ್ಲುಗಳಿಗೆ ಈ ಲೆಕ್ಕವನ್ನು ಕಣ್ಣುಮುಚ್ಚಿ ಹಚ್ಚಬೇಡಿ.

ತೇದಿಯೇ ಇಲ್ಲದ ಕಲ್ಲಾದರೆ ಅಕ್ಷರದ ರೂಪ ನೋಡಿ ಅಂದಾಜು ಮಾಡಬೇಕು. ೞ ಮತ್ತು ಱ ಇವೆಯೇ, ಎಲ್ಲಿ ಅವುಗಳ ಬದಲು ಳ, ರ ಬಂದಿವೆ? ೞ ಮೊದಲು ಮರೆಯಾದ ಅಕ್ಷರ, ಱ ಅದಕ್ಕಿಂತ ತಡವಾಗಿ ಹೋಯಿತು. ಇದು ಶತಮಾನದ ಅಂದಾಜು ಕೊಡುತ್ತದೆ, ವರ್ಷವನ್ನಲ್ಲ. “ಕ್ರಿ.ಶ. 1123” ಎಂದು ಊಹೆಯ ಮೇಲೆ ಬರೆದು ಫಲಕ ಹಾಕಿದರೆ ಅದನ್ನು ಆಮೇಲೆ ಅಳಿಸಲು ಯಾರಿಂದಲೂ ಆಗುವುದಿಲ್ಲ.

ಬಹಳ ಕಲ್ಲುಗಳಲ್ಲಿ ಒಂದು ಸಂಸ್ಕೃತ ಶ್ಲೋಕ ಬರುತ್ತದೆ: “ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ.” ಗೆದ್ದರೆ ಸಿರಿ, ಸತ್ತರೆ ಸ್ವರ್ಗದ ಹೆಣ್ಣು, ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದ ಸಾವಿನ ಚಿಂತೆಯೇಕೆ ಎಂದು ಅರ್ಥ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಸವೆದ ಕಲ್ಲಿನಲ್ಲಿ ‘ಜಿತೇನ’ ಎಂಬ ಮೂರಕ್ಷರ ಸಿಕ್ಕಿದರೂ ಮುಂದಿನ ಸಾಲು ಬಿಡಿಸಲು ಅದೇ ಬೀಗದ ಕೈ. ಆ ಕಲ್ಲು ಕೆತ್ತಿದವನ ಅಕ್ಷರಗಳು ಹೇಗಿವೆ ಎಂದು ಈ ಗೊತ್ತಿರುವ ಸಾಲಿನಿಂದ ಕಲಿತು, ಗೊತ್ತಿಲ್ಲದ ಹೆಸರುಗಳಿಗೆ ಹೋಗಬಹುದು.

ಮಾಸ್ತಿಗಲ್ಲು ಎಂದರೆ ಗಂಡ ಸತ್ತಾಗ ಬೆಂಕಿಗೆ ಹೋದ ಹೆಣ್ಣಿನ ನೆನಪಿನ ಕಲ್ಲು. ಅದನ್ನು ಗುರುತಿಸುವುದು ಕಷ್ಟವಲ್ಲ. ಒಂದು ಕಂಬದಿಂದ ಮೊಣಕೈ ಮಡಿಸಿದ ತೋಳು ಹೊರಚಾಚಿರುತ್ತದೆ. ತೋಳಿನಲ್ಲಿ ಬಳೆ, ಅಂಗೈ ತೆರೆದಿರುತ್ತದೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಬಳೆ ಒಡೆದಿಲ್ಲ ಎಂಬುದೇ ಅಲ್ಲಿನ ಸೂಚನೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹೆಸರಿಲ್ಲ. ಗಂಡನ ಹೆಸರು ಪಕ್ಕದ ವೀರಗಲ್ಲಿನಲ್ಲಿ ಇರುತ್ತದೆ, ಹೆಂಡತಿಯದ್ದು ಬರೀ ತೋಳು. ಅದಕ್ಕೇ ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನ ಕಲ್ಲು ನಮಗೆ ಅಷ್ಟು ಬೆಲೆಯುಳ್ಳದ್ದು. (ಈಗ ಹೇಳಿದ ನಾಯಿಯ ಬೆಳತೂರೇ ಬೇರೆ, ಇದೇ ಬೇರೆ.) 1057ರ ಆ ಶಾಸನ ದೇಕಬ್ಬೆಯನ್ನು ಹೆಸರಿಟ್ಟು ಕರೆಯುತ್ತದೆ. ಅವಳ ಗಂಡ ಏಚ ಕುಸ್ತಿಯಲ್ಲಿ ದಾಯಾದಿಯೊಬ್ಬನನ್ನು ಕೊಂದ. ಅದಕ್ಕೆ ಅರಸನ ಆಜ್ಞೆಯಂತೆ ತಲಕಾಡಿನಲ್ಲಿ ಅವನನ್ನು ಕೊಲ್ಲಲಾಯಿತು. ಸುದ್ದಿ ಬಂದಾಗ ತಂದೆ ತಾಯಿ, ಬಂಧುಗಳು ಬೇಡವೆಂದು ಬೇಡಿಕೊಂಡರು. ದೇಕಬ್ಬೆ ಇದ್ದದ್ದನ್ನು ದಾನ ಮಾಡಿ ಬೆಂಕಿಗೆ ಹೋದಳು. ಕಲ್ಲು ನಿಲ್ಲಿಸಿದವನು ಅವಳ ತಂದೆ. ಪದ್ಯಗಳಲ್ಲಿ ಹೊಗಳಿಕೆ ಇದೆ, ಆದರೆ ಹೆತ್ತವರು ತಡೆದರು ಎಂಬ ಮಾತನ್ನು ಶಾಸನ ಮುಚ್ಚಿಡಲಿಲ್ಲ. ಮಾಸ್ತಿಗಲ್ಲನ್ನು ದಾಖಲಿಸುವಾಗ ನಾವು ನೋಡಬೇಕಾದದ್ದು ಇದನ್ನು. ವೈಭವೀಕರಿಸುವ ಮಾತು ಸೇರಿಸಬಾರದು, ಕಲ್ಲಿನಲ್ಲಿರುವ ನೋವನ್ನು ಕತ್ತರಿಸಲೂಬಾರದು.

ನಿಸಿದಿಗಲ್ಲುಗಳು ಜೈನರವು, ಸಲ್ಲೇಖನದಿಂದ, ಎಂದರೆ ಉಪವಾಸ ವ್ರತದಿಂದ, ಅಥವಾ ಸಮಾಧಿ ವಿಧಿಯಿಂದ ದೇಹ ಬಿಟ್ಟವರ ನೆನಪಿಗೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಇವು ಏಳನೆಯ ಶತಮಾನದಿಂದಲೇ ಸಾಲುಗಟ್ಟಿವೆ. ಹಳ್ಳಿಗಳಲ್ಲಿ ಒಂಟಿಯಾಗಿ ಸಿಕ್ಕಾಗ ಮೇಲೆ ಜಿನಬಿಂಬ, ಕೆಳಗೆ ಕುಳಿತ ಮುನಿ, ಎದುರಿಗೆ ಪುಸ್ತಕವಿಡುವ ವ್ಯಾಸಪೀಠದಂತಹ ಆಸನ ನೋಡಿ ಗುರುತಿಸಿ. ವೀರಗಲ್ಲಿನಂತೆ ಕಾಣುವ ಆದರೆ ಸ್ಮಾರಕವಲ್ಲದ ಕಲ್ಲುಗಳೂ ಇವೆ. ವಾಮನನ ಕೊಡೆ ಕಮಂಡಲು ಇದ್ದರೆ ಅದು ದಾನಭೂಮಿಯ ಎಲ್ಲೆಗಲ್ಲು. ಲಿಂಗಮುದ್ರೆ ಇದ್ದರೆ ಶಿವಾಲಯಕ್ಕೆ ಬಿಟ್ಟ ಹೊಲದ ಗಡಿ. ಊರ ನಡುವೆ ನೆಟ್ಟ ಬರಿಯ ಗುಂಡುಕಲ್ಲು ಕರುವುಗಲ್ಲು, ಊರು ಕಟ್ಟುವಾಗ ನೆಟ್ಟದ್ದು.

ಈಗ ಜಾಗದ ವಿಷಯ. ವೀರಗಲ್ಲು ಕೆರೆಯ ಏರಿಯ ಮೇಲಿದ್ದರೆ, ಊರ ಬಾಗಿಲಲ್ಲಿದ್ದರೆ, ಎರಡು ಊರಿನ ಗಡಿಯಲ್ಲಿದ್ದರೆ, ಪ್ರತಿಯೊಂದಕ್ಕೂ ಅರ್ಥ ಬೇರೆ. ಗಡಿಯಲ್ಲಿ ನಾಲ್ಕಾರು ಕಲ್ಲು ಒಟ್ಟಿಗಿದ್ದು ಒಂದೇ ಕೈಯ ಕೆತ್ತನೆಯಾಗಿದ್ದರೆ ಒಂದೇ ಕಾಳಗದಲ್ಲಿ ಸತ್ತವರು ಎನ್ನಬಹುದು. ಅದೇ ಕಲ್ಲುಗಳನ್ನು ಎತ್ತಿ ದೇವಸ್ಥಾನದ ಗೋಡೆಗೆ ಒರಗಿಸಿದ ಮೇಲೆ ಆ ಮಾತು ಹೇಳಲು ಆಧಾರವೇ ಉಳಿಯುವುದಿಲ್ಲ. ಕಂದಾಯ ದಾಖಲೆಯಲ್ಲಿ ‘ಬೇಚರಾಕ್’ ಎಂದು ನಮೂದಾದ ಗ್ರಾಮಗಳಿವೆ, ಹೆಸರುಂಟು, ಸರ್ವೆ ನಂಬರುಂಟು, ಮನೆಗಳಿಲ್ಲ. ಪ್ಲೇಗು, ಬರ, ಕೆರೆ ಒಡೆದದ್ದು, ದಾಳಿ, ಹೀಗೆ ಊರು ಹಾಳಾಗಲು ಕಾರಣ ಹಲವು. ಅಂತಹ ಜಾಗದಲ್ಲಿ ಊರೞಿವಿನ ಕಲ್ಲು ಸಿಕ್ಕಿದರೆ ಕಾರಣದ ಒಂದು ಎಳೆ ಕೈಗೆ ಬಂದಂತೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆ ಅಗೆಯುವಾಗ ಕಿತ್ತಯ್ಯ ಎಂಬವನ ಕಲ್ಲು ಹೊರಬಂತು. ಗಂಗ ಶ್ರೀಪುರುಷನ ಕಾಲದ್ದು, ಸುಮಾರು 750. ಅವನು ಸತ್ತದ್ದು ಇಂತಹುದೇ ಊರೞಿವಿನಲ್ಲಿ. ಬೇಗೂರಿನಲ್ಲಿ ಸುಮಾರು 890ರ ಕಲ್ಲು ‘ಬೆಂಗಳೂರ ಕಾಳಗ’ವನ್ನು ಹೆಸರಿಸುವುದರಿಂದಲೇ, ಆ ಊರ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನ ಹಿಂದಿನದು ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ಬೇಯಿಸಿದ ಕಾಳಿನ ಕಥೆಯನ್ನು ಪಕ್ಕಕ್ಕಿಟ್ಟದ್ದು ಒಂದು ವೀರಗಲ್ಲು.

ದಾಖಲಿಸುವ ಕೆಲಸ ಹೀಗಿರಲಿ. ಕಲ್ಲಿನ ಹತ್ತಿರ ಹೋದೊಡನೆ ಮುಟ್ಟಬೇಡಿ, ಇದ್ದ ಸ್ಥಿತಿಯಲ್ಲೇ ನಾಲ್ಕು ದಿಕ್ಕಿನಿಂದ ಚಿತ್ರ ತೆಗೆಯಿರಿ, ಹಿಂದಿನ ಮರ, ಏರಿ, ಮನೆ ಕಾಣುವಂತೆ. ಮೊಬೈಲಿನ ಜಿಪಿಎಸ್ ಅಂಕಿಯನ್ನು ಐದು ದಶಮಾಂಶ ಸ್ಥಾನದವರೆಗೆ ಬರೆದುಕೊಳ್ಳಿ. ಐದನೆಯ ಸ್ಥಾನ ಸುಮಾರು ಒಂದು ಮೀಟರಿಗೆ ಸಮ, ಮೊಬೈಲು ಅದಕ್ಕಿಂತ ಹೆಚ್ಚು ನಿಖರತೆ ಕೊಡಲಾರದು. ಕಲ್ಲಿನ ಮುಖ ಯಾವ ದಿಕ್ಕಿಗಿದೆ, ನೆಲದ ಮೇಲಿನ ಎತ್ತರ, ಅಗಲ, ದಪ್ಪ ಎಷ್ಟು, ಕಲ್ಲಿನ ಜಾತಿ ಯಾವುದು ಎಂಬುದನ್ನೂ ಬರೆಯಿರಿ. ಮಲೆನಾಡಿನ ಕಡೆ, ಶಿಕಾರಿಪುರ, ಸೊರಬದ ಸುತ್ತ, ಬಳಪದ ಜಾತಿಯ ಕಲ್ಲು. ಕೆತ್ತನೆ ಸೂಕ್ಷ್ಮವಾಗಿರುತ್ತದೆ, ಆದರೆ ಪದರ ಪದರವಾಗಿ ಬಿಡುತ್ತದೆ. ಬಯಲುಸೀಮೆಯ ಕಣಶಿಲೆ ಗಟ್ಟಿ, ಆದರೆ ಬೆಂಕಿ ತಗುಲಿದರೆ ಚಿಪ್ಪು ಏಳುತ್ತದೆ. ಅದಕ್ಕೇ ಕಲ್ಲಿನ ಬುಡದಲ್ಲಿ ಕಸ ಸುಡುವುದನ್ನು ಮೊದಲು ನಿಲ್ಲಿಸಬೇಕು.

ಅಕ್ಷರ ಕಾಣಿಸಲು ಬೆಳಕೇ ಸಾಕು. ಬೆಳಗ್ಗೆ ಸೂರ್ಯ ಹುಟ್ಟಿದ ಒಂದು ಗಂಟೆಯೊಳಗೆ ಅಥವಾ ಸಂಜೆ, ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವ ಹೊತ್ತಿನಲ್ಲಿ ಪ್ರತಿ ಗೀರೂ ನೆರಳು ಬಿಡುತ್ತದೆ. ನಡುಮಧ್ಯಾಹ್ನ ತೆಗೆದ ಚಿತ್ರದಲ್ಲಿ ಅಕ್ಷರ ಮಾಯ. ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ಬಿಸಿಲು ಸರಿಯಾಗಿ ಬೀಳುವುದು ಅಪರೂಪ, ಅಲ್ಲಿಗೆ ಕತ್ತಲಾದ ಮೇಲೆ ಹೋಗಿ. ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಹತ್ತು ಹದಿನೈದು ಡಿಗ್ರಿಯಷ್ಟೇ ಎತ್ತಿ ಹಿಡಿದು, ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಬೇರೆ ಬೇರೆ ಚಿತ್ರ ತೆಗೆಯಿರಿ. ಎಡ ಬೆಳಕಿನಲ್ಲಿ ಕಾಣದ ಕೊಂಬು ಮೇಲಿನ ಬೆಳಕಿನಲ್ಲಿ ಕಾಣುತ್ತದೆ. ‘ಪ’ ಮತ್ತು ‘ವ’, ‘ನ’ ಮತ್ತು ‘ಸ’ ಇವುಗಳ ಗೊಂದಲ ಹೆಚ್ಚಾಗಿ ಬಗೆಹರಿಯುವುದು ಇಲ್ಲಿಯೇ. ಮೂರು ಆಯಾಮದ ಮಾದರಿ ಮಾಡುವುದಾದರೆ ಒಂದು ಕಲ್ಲಿಗೆ ನೂರರಷ್ಟು ಚಿತ್ರ ಬೇಕು, ಪ್ರತಿ ಚಿತ್ರವೂ ಹಿಂದಿನದರ ಮುಕ್ಕಾಲು ಭಾಗವನ್ನು ಒಳಗೊಂಡಿರಬೇಕು. ಮೋಡ ಕವಿದ ದಿನ ಇದಕ್ಕೆ ಒಳ್ಳೆಯದು.

ಪಡಿಯಚ್ಚು ತೆಗೆಯುವ ಹಳೆಯ ವಿಧಾನ ಈಗಲೂ ಬೆಲೆಯುಳ್ಳದ್ದು. ಕಲ್ಲನ್ನು ನೀರು ಮತ್ತು ಮೆದುವಾದ ನಾರಿನ ಬ್ರಷ್‌ನಿಂದ ತೊಳೆಯಬೇಕು. ನೆನೆಸಿದ ಕಾಗದವನ್ನು ಮೇಲಿನಿಂದ ಕೆಳಕ್ಕೆ ಹಚ್ಚಿ, ಗಾಳಿಗುಳ್ಳೆ ಇಲ್ಲದಂತೆ ಒತ್ತಿ, ಬಿರುಸಾದ ಕೂದಲಿನ ಬ್ರಷ್‌ನಿಂದ ನೇರವಾಗಿ ತಟ್ಟಬೇಕು, ಉಜ್ಜಬಾರದು. ಕಾಗದ ಅಕ್ಷರದ ತಗ್ಗಿಗೆ ಇಳಿದ ಮೇಲೆ, ಅರೆ ಒಣಗಿದ ಹದದಲ್ಲಿ, ಬಟ್ಟೆಯ ಗುಂಡಿಗೆ ತೆಳುವಾಗಿ ಮಸಿ ತಾಗಿಸಿ ಮೇಲೆ ಮೇಲೆ ತಟ್ಟಬೇಕು. ಉಬ್ಬು ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ಹೆಚ್ಚಾದರೆ ಅಥವಾ ಕಾಗದ ತೀರಾ ಒದ್ದೆಯಿದ್ದರೆ ಮಸಿ ತಗ್ಗಿಗೆ ಇಳಿದು ಅಚ್ಚೂ ಕೆಡುತ್ತದೆ, ಕಲ್ಲಿಗೂ ಬಣ್ಣ ಹತ್ತುತ್ತದೆ. ಪದರ ಬಿಡುತ್ತಿರುವ ಬಳಪದ ಕಲ್ಲಿಗೆ ಈ ವಿಧಾನ ಬೇಡವೇ ಬೇಡ, ಕಾಗದ ಬಿಡಿಸುವಾಗ ಚಕ್ಕೆಯೂ ಜೊತೆಗೆ ಬರುತ್ತದೆ.

ಕೆಡುಕು ಹೆಚ್ಚಾಗಿ ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ, ಇದೇ ನಮ್ಮನ್ನು ಹೆಚ್ಚು ಕಾಡುವ ಸಂಗತಿ. ಅಕ್ಷರ ಚೆನ್ನಾಗಿ ಕಾಣಲಿ ಎಂದು ಸೀಮೆಸುಣ್ಣದಿಂದ ತುಂಬುತ್ತಾರೆ. ತುಂಬಿದ್ದು ಕಲ್ಲಿ‌ನ ಅಕ್ಷರವಲ್ಲ, ತುಂಬಿದವರ ಊಹೆ. ಮುಂದೆ ಚಿತ್ರ ನೋಡಿ ಓದುವವರೆಲ್ಲ ಅದೇ ತಪ್ಪು ಓದುತ್ತಾರೆ. ಮೈದಾ ಹಿಟ್ಟು ಸವರಿದರೆ ಇರುವೆ ಮತ್ತು ಬೂಷ್ಟು. ತಂತಿ ಬ್ರಷ್ ಆಡಿಸಿದರೆ ಪಾಚಿಯ ಜೊತೆ ಅಕ್ಷರದ ಅಂಚೂ ಹೋಗುತ್ತದೆ. ಆಮ್ಲ ಹಾಕುವುದನ್ನಂತೂ ಯೋಚಿಸಲೂಬೇಡಿ. ಭಕ್ತಿಯಿಂದ ಎನಾಮೆಲ್ ಬಣ್ಣ ಬಳಿದರೆ ಕಲ್ಲಿನೊಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಮೈ ಒಡೆಯುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಸಿಮೆಂಟ್ ಕಟ್ಟೆ. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಿ, ಅಲುಗದಿರಲಿ ಎಂದು ಒಂದಡಿ ಕಾಂಕ್ರೀಟು ಸುರಿಯುತ್ತಾರೆ. ಕೆಳಗಿನ ಕಾಳಗದ ಅಂಕಣ ಮತ್ತು ಅದರ ಮೇಲಿನ ಮೊದಲ ಸಾಲು ಅದರೊಳಗೆ ಹೂತುಹೋಗುತ್ತವೆ. ಅರಸನ ಹೆಸರು, ತೇದಿ ಇರುವ ಸಾಲು ಅದಾಗಿದ್ದರೆ ಕಥೆ ಮುಗಿದಂತೆ. ಸಿಮೆಂಟಿನ ಲವಣ ತೇವದ ಜೊತೆ ಕಲ್ಲಿಗೆ ಏರಿ ಬುಡದಿಂದ ಪುಡಿಯಾಗಿಸುತ್ತದೆ. ನಿಲ್ಲಿಸಲೇಬೇಕಾದರೆ, ಪುರಾತತ್ವ ಇಲಾಖೆಗೆ ತಿಳಿಸಿದ ಮೇಲೆ, ಮೊದಲು ಎಷ್ಟು ಆಳ ಹೂತಿತ್ತೋ ಅಷ್ಟೇ ಗುಂಡಿ ತೆಗೆದು, ಸುತ್ತ ಜಲ್ಲಿ ಮತ್ತು ಮಣ್ಣನ್ನು ಪದರ ಪದರವಾಗಿ ಧಮಸ್ಸು ಮಾಡಿ ನಿಲ್ಲಿಸಿ. ನೀರು ಇಳಿದು ಹೋಗುತ್ತದೆ, ಬೇಕಾದಾಗ ತೆಗೆಯಲೂ ಬರುತ್ತದೆ.

ಕಲ್ಲು ಮೊದಲೇ ಪ್ರಕಟವಾಗಿದೆಯೇ ಎಂದು ನೋಡದೆ “ಹೊಸ ಶಾಸನ ಪತ್ತೆ” ಎಂದು ಪತ್ರಿಕೆಗೆ ಕೊಡಬೇಡಿ. ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ಜಿಲ್ಲೆ, ತಾಲೂಕಿನ ಪ್ರಕಾರ ಜೋಡಿಸಲ್ಪಟ್ಟಿವೆ. ಆದರೆ ಅವು ಅಂದಿನ ತಾಲೂಕುಗಳು. ಆತಕೂರಿನ ಶಾಸನ ಹಳೆಯ ಸಂಪುಟದಲ್ಲಿ ಮಂಡ್ಯ ತಾಲೂಕಿನ 41ನೆಯದು, ಮದ್ದೂರಿನಲ್ಲಿ ಹುಡುಕಿದರೆ ಸಿಗದು. ಉತ್ತರ ಕರ್ನಾಟಕದವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳನ್ನೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನೂ ನೋಡಬೇಕು. ಪ್ರಕಟವಾಗಿದ್ದರೆ ನಿಮ್ಮ ಶ್ರಮ ವ್ಯರ್ಥವಲ್ಲ. ನೂರು ವರ್ಷದ ಹಿಂದೆ “ಊರ ಮುಂದಿನ ಕೆರೆ ಏರಿಯ ಮೇಲೆ” ಎಂದು ಬರೆದ ಕಲ್ಲು ಈಗ ಎಲ್ಲಿದೆ, ಎಷ್ಟು ಸಾಲು ಉಳಿದಿದೆ ಎಂಬುದೇ ಹೊಸ ಮಾಹಿತಿ.

ಊರವರು ಹೇಳುವ ಕಥೆಯನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ತಿದ್ದಬೇಡಿ. ಶಾಸನದ ಓದನ್ನು ಬೇರೆ ಹಾಳೆಯಲ್ಲಿ, ಸಾಲು ಸಾಲಾಗಿ, ಕಾಣದ ಅಕ್ಷರಕ್ಕೆ ಚುಕ್ಕೆ ಇಟ್ಟು ಬರೆಯಿರಿ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ಒಂದು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಒಂದು ಶಾಲೆಗೆ, ಒಂದು ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಗೆ. ರಸ್ತೆ ಅಗಲೀಕರಣಕ್ಕೋ ಕೆರೆ ಹೂಳಿಗೋ ಜೆಸಿಬಿ ಬರುತ್ತದೆಂದು ಗೊತ್ತಾದ ದಿನವೇ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಿ, ಚಿತ್ರ ಮತ್ತು ಸರ್ವೆ ನಂಬರು ಲಗತ್ತಿಸಿ. ಬಾಯಿಮಾತಿಗೆ ಕಡತವಿರುವುದಿಲ್ಲ.

ಹೊರಡಲು ಒಳ್ಳೆಯ ಕಾಲ ಮಾಘದಿಂದ ಚೈತ್ರದವರೆಗೆ. ಹುಲ್ಲು ಒಣಗಿರುತ್ತದೆ, ಮೆಳೆ ತೆಳುವಾಗಿರುತ್ತದೆ, ಕೆರೆಯ ನೀರು ತಗ್ಗಿ ಏರಿಯ ಒಳಮೈಗೆ ಚಪ್ಪಡಿಯಾಗಿ ಬಳಸಿದ ಕಲ್ಲುಗಳೂ ಕಾಣುತ್ತವೆ. ಗ್ರಾಮನಕ್ಷೆಯ ಒಂದು ನಕಲು, ಟೇಪು, ದಿಕ್ಸೂಚಿ, ನೀರಿನ ಕ್ಯಾನು, ಟಾರ್ಚು, ಒಂದು ಕನ್ನಡಿ ಇಟ್ಟುಕೊಳ್ಳಿ. ನೆರಳಲ್ಲಿ ನಿಂತ ಕಲ್ಲಿಗೆ ಬಿಸಿಲನ್ನು ಪಕ್ಕದಿಂದ ಹಾಯಿಸಲು ಕನ್ನಡಿಗಿಂತ ಒಳ್ಳೆಯ ಸಾಧನವಿಲ್ಲ. ಮೊದಲ ದಿನ ಓದಲು ಹೋಗಬೇಡಿ, ನಕ್ಷೆಯ ಮೇಲೆ ಚುಕ್ಕೆ ಇಡುವುದಷ್ಟೇ ಮಾಡಿ. ಹತ್ತು ಚುಕ್ಕೆಗಳಾದಾಗ ಅವು ಹಳೆಯ ದಾರಿಯೊಂದರ ಗುಂಟ ಸಾಗುತ್ತವೆಯೇ, ಇಲ್ಲದ ಊರೊಂದನ್ನು ಸುತ್ತುವರಿಯುತ್ತವೆಯೇ ಎಂದು ನೋಡಿ.